ರೇಡಿಯೊ ಇಲ್ಲದ ಮನೆ

ಮಸ್ಕತ್ತಿನ ಒಂದು ಇಂಗ್ಲಿಷ್ ಎಫ್‌ಎಂ ಸ್ಟೇಷನ್ನಿನಲ್ಲಿ ನನ್ನ ಕೆಲಸ ಜಾಹೀರಾತುಗಳನ್ನು ಸಾಲಾಗಿ ಕೂರಿಸುವುದು. ಯಾವ ಕಾರಿನ ಜಾಹೀರಾತು ಎಷ್ಟು ಗಂಟೆಗೆ, ಯಾವ ಬಿರಿಯಾನಿಯದು ಯಾವ ಹಾಡಿನ ನಂತರ, ಇಬ್ಬರು ಹಲ್ಲಿನ ಡಾಕ್ಟರುಗಳ ಜಾಹೀರಾತು ಬೆನ್ನುಬೆನ್ನಿಗೆ ಬಾರದಂತೆ ಏನು ಮಾಡಬೇಕು, ಇಂಥವು. ವರ್ಷಾನುಗಟ್ಟಲೆ ಇದನ್ನೇ ಮಾಡಿದ್ದೇನೆ. ಆದರೆ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಇದನ್ನು ಹೇಳುವುದಿಲ್ಲ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬರುವ ಕಂಟ್ರಿ ಹಾಡುಗಳ ಕಾರ್ಯಕ್ರಮ ನನ್ನದು ಎನ್ನುತ್ತೇನೆ. ವಾರದ ಉಳಿದ ನೂರ ಅರವತ್ತೇಳು ಗಂಟೆ ಹೇಗಾದರೂ ಕಳೆಯಲಿ, ಆ ಒಂದು ಗಂಟೆ ನನ್ನದಾಗಿತ್ತು.

ಅದನ್ನು ಯಾರೂ ಕರೆದು ಕೊಟ್ಟದ್ದಲ್ಲ. ನಡೆಸುತ್ತಿದ್ದ ಬ್ರಿಟಿಷ್ ಮುದುಕ ಊರಿಗೆ ಮರಳಿದಾಗ ಆ ಕುರ್ಚಿಗೆ ಜನ ಸಿಗಲಿಲ್ಲ. ಸ್ಟೇಷನ್ನಿನ ಹುಡುಗರಿಗೆಲ್ಲ ಕಂಟ್ರಿ ಎಂದರೆ ಅಜ್ಜಂದಿರ ಸಂಗೀತ. ಅವರು ಕಾಟಾಚಾರಕ್ಕೆ ಹಾಡು ಜೋಡಿಸುವುದನ್ನು ನೋಡಿ ನಾನು ನಡುವೆ ಬಾಯಿ ಹಾಕಿದೆ, ಯಾವ ಹಾಡಿನ ಪಕ್ಕ ಯಾವುದನ್ನು ಹಾಕಬಾರದು ಎಂದು ಜಗಳವಾಡಿದೆ. "ಅಷ್ಟೆಲ್ಲ ಗೊತ್ತಿದ್ದರೆ ನೀನೇ ಎರಡು ವಾರ ಮಾಡು" ಎಂದರು. ಎರಡು ವಾರ ಐದು ವರ್ಷವಾಯಿತು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಗಂಡ ಹೇಳುವುದುಂಟು. ಆ ಸಲ ಕೋಪದಿಂದ ಒಳ್ಳೆಯದೇ ಆಯಿತು.

ಅಮೆರಿಕದ ದನ ಕಾಯುವವರ ಹಾಡು ಮಂಗಳೂರಿನ ಕ್ರಿಶ್ಚಿಯನ್ ಮನೆಗಳಿಗೆ ಹೇಗೆ ಬಂತು ಎಂದು ಅನೇಕರು ಕೇಳಿದ್ದಾರೆ. ನಮ್ಮ ಮನೆಗಂತೂ ಅಪ್ಪನ ಪೆಟ್ಟಿಗೆಯಲ್ಲಿ ಬಂತು. ಅವರು ಹಡಗಿನಲ್ಲಿ ಅಡುಗೆಯವರಾಗಿದ್ದರು. ರಜೆಗೆ ಬರುವಾಗ ಸಾಬೂನಿನ ನಡುವೆ ಕ್ಯಾಸೆಟ್ಟುಗಳು ಇರುತ್ತಿದ್ದವು. ನಮ್ಮಲ್ಲಿ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚುವಾಗ ಕೊಂಕಣಿ ಹಾಡು. ಅದು ಮುಗಿದು, ಗಂಡಸರು ಕುರ್ಚಿ ಎಳೆದುಕೊಂಡು ಕೂತು, ಗಿಟಾರ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಲು ಶುರುವಾದರೆ ಕಂಟ್ರಿ. ತಾಯಿಯ ನೆನಪು, ಬಿಟ್ಟುಬಂದ ಊರು, ದೂರದ ದಾರಿ, ದೇವರು, ಸ್ವಲ್ಪ ಕುಡಿತ, ಆಮೇಲೆ ಪಶ್ಚಾತ್ತಾಪ. ಕುದುರೆಯೊಂದನ್ನು ಬಿಟ್ಟರೆ ಅದರಲ್ಲಿ ನಮ್ಮದಲ್ಲದ್ದು ಏನೂ ಇಲ್ಲ.

ಕಾರ್ಯಕ್ರಮವನ್ನು ಗುರುವಾರ ಮಧ್ಯಾಹ್ನವೇ ರೆಕಾರ್ಡ್ ಮಾಡಿ ಇಡುತ್ತಿದ್ದೆ. ಶುಕ್ರವಾರ ಅದು ಗಾಳಿಯಲ್ಲಿ ಹೋಗುವಾಗ ನಾನು ಅಲ್ ಖುವೈರ್‌ನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಇಡ್ಲಿಯಂಥ ನಮ್ಮ ಸಣ್ಣಾ ಬೇಯಿಸುತ್ತ ನನ್ನದೇ ದನಿಯನ್ನು ಕೇಳುತ್ತಿದ್ದೆ. ನಮ್ಮ ಫ್ಲ್ಯಾಟ್ ಎಂದೆ; ಅರ್ಧ ಫ್ಲ್ಯಾಟ್ ಎನ್ನುವುದು ಸರಿ. ಒಂದು ಕೋಣೆಯಲ್ಲಿ ನಾನು, ಗಂಡ, ಮಗಳು. ಇನ್ನೊಂದರಲ್ಲಿ ಉಡುಪಿ ಕಡೆಯ ತುಳು ಮಾತಾಡುವ ನಾಲ್ವರ ಸಂಸಾರ. ಅಡುಗೆಮನೆ ಒಂದೇ, ಫ್ರಿಜ್ಜು ಎರಡು, ಫ್ರಿಜ್ಜಿನ ಮೇಲೆ ರೇಡಿಯೊ ಒಂದು. ಬಾಡಿಗೆ ಪತ್ರದಲ್ಲಿ ಇರುವುದು ಒಂದೇ ಸಂಸಾರ. ಹೀಗಿರುವವರು ನಾವೊಬ್ಬರೇ ಅಲ್ಲ, ಇಡೀ ಬಿಲ್ಡಿಂಗು ಹಾಗೇ ಇತ್ತು. ವಾಚ್‌ಮ್ಯಾನಿಗೆ ಗೊತ್ತು, ಅವನಿಗೆ ಗೊತ್ತಿದೆ ಎಂದು ನಮಗೂ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಒಂದು ಸೋಮವಾರ ನಮ್ಮ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದರು. ಒಮಾನಿ ತರುಣ, ಹೊರದೇಶದಲ್ಲಿ ಓದಿ ಬಂದವರು, ಯಾರ ಮೇಲೂ ದನಿ ಎತ್ತದವರು. ನಾವು ಮಾತಾಡುವುದು ಇಂಗ್ಲಿಷಿನಲ್ಲಿ. ಯಾವ ಸ್ಟೇಷನ್ನನ್ನು ಯಾವ ಹೊತ್ತಿಗೆ ಎಷ್ಟು ಜನ ಕೇಳುತ್ತಾರೆಂಬ ಹೊಸ ಸರ್ವೆ ವರದಿ ಅವರ ಮೇಜಿನ ಮೇಲಿತ್ತು. ಅದನ್ನು ನನ್ನ ಕಡೆ ತಿರುಗಿಸಿ ಶುಕ್ರವಾರದ ಸಾಲಿನ ಮೇಲೆ ಬೆರಳಿಟ್ಟರು. ಉಳಿದ ಕಡೆಯೆಲ್ಲ ಸಂಖ್ಯೆ ಇತ್ತು, ನನ್ನ ಗಂಟೆಯ ಮುಂದೆ ಒಂದು ಅಡ್ಡಗೆರೆ. ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ಕೇಳುಗರು ಇಲ್ಲದಿದ್ದರೆ ಅಲ್ಲಿ ಗೆರೆ ಎಳೆಯುತ್ತಾರಂತೆ.

"ಮುಂದಿನ ತಿಂಗಳಿಂದ ಆ ಹೊತ್ತಿಗೆ ಡಾನ್ಸ್ ಹಾಡು ಹಾಕೋಣ. ಕಂಪ್ಯೂಟರೇ ನಡೆಸುತ್ತದೆ" ಎಂದರು. "ಬೇಸರ ಮಾಡಿಕೊಳ್ಳಬೇಡ. ಇದು ಟೆಕ್ಸಸ್ ಅಲ್ಲ. ಮಸ್ಕತ್ತಿನಲ್ಲಿ ಕಂಟ್ರಿ ಕೇಳುವವರಿಲ್ಲ."

"ಇದ್ದಾರೆ. ಚರ್ಚಿನ ಹೊರಗೆ ಪ್ರತಿ ವಾರ ನನ್ನನ್ನು ನಿಲ್ಲಿಸಿ ಹೇಳುತ್ತಾರೆ."

"ಎದುರು ಸಿಕ್ಕವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಅದು ಅವರ ಒಳ್ಳೆಯತನ."

ಆ ಮಾತು ನನಗೆ ನಾಟಿತು. ಐದು ವರ್ಷ ನಾನು ಬರೀ ಗೋಡೆಗೆ ಮಾತಾಡಿದೆನೇ? ಅಳು ಬರುವ ಮೊದಲು ಕೋಪ ಬಂದದ್ದು ಒಳ್ಳೆಯದಾಯಿತು. ಈ ಸರ್ವೆಯವರು ಕೇಳುವುದಾದರೂ ಏನನ್ನು, ತೋರಿಸಿ ಎಂದೆ. ಅವರು ನಾಲ್ಕು ಹಾಳೆಯ ಪ್ರಶ್ನಾವಳಿ ತೆಗೆದುಕೊಟ್ಟರು. ಸರ್ವೆ ಕಂಪನಿ ಊರಿನ ಮೊಬೈಲುಗಳಿಗೆ ಕರೆ ಮಾಡಿ ಇದನ್ನು ಓದಿ ಉತ್ತರ ತುಂಬಿಕೊಳ್ಳುತ್ತಿತ್ತು. ನನ್ನ ಮೇಜಿಗೆ ಬಂದು ಓದಲು ಕೂತೆ. ನೀವು ಯಾವ ದೇಶದವರು? ಯಾವ ಏರಿಯಾ? ಮನೆಯಲ್ಲಿ ಎಷ್ಟು ಜನ ಇದ್ದೀರಿ? ಎಷ್ಟು ಕೋಣೆ? ಏನು ಉದ್ಯೋಗ? ಐದನೆಯ ಪ್ರಶ್ನೆಗೆ ಬರುವಷ್ಟರಲ್ಲಿ ನನ್ನ ಕಿವಿ ಬಿಸಿಯಾಯಿತು. ಈ ಪ್ರಶ್ನೆಗಳನ್ನು ಯಾರೋ ನನಗೇ ಕೇಳಿದ್ದರು. ಇದೇ ಸಾಲಿನಲ್ಲಿ.

ಸುಮಾರು ಎರಡು ತಿಂಗಳ ಹಿಂದಿನ ಶುಕ್ರವಾರ. ಆ ವಾರ ನಮ್ಮ ಲಿಫ್ಟಿನಲ್ಲಿ ಒಂದು ಕಾಗದ ಅಂಟಿಸಿದ್ದರು: ಒಂದು ಫ್ಲ್ಯಾಟಿಗೆ ಒಂದೇ ಸಂಸಾರ, ಯಾವಾಗ ಬೇಕಾದರೂ ತಪಾಸಣೆಗೆ ಬರುತ್ತೇವೆ ಎಂದು. ನಾವೆಲ್ಲ ಚಪ್ಪಲಿಗಳನ್ನು ಬಾಗಿಲ ಹೊರಗಿನಿಂದ ಒಳಗೆ ತಂದಿಟ್ಟುಕೊಂಡಿದ್ದ ವಾರ ಅದು. ಹತ್ತೂವರೆಯ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹೆಂಗಸೊಬ್ಬಳು ಹಿಂದಿಯಲ್ಲಿ, ಸರ್ವೆ, ಎರಡೇ ನಿಮಿಷ ಎಂದಳು. ಯಾರ ಸರ್ವೆ, ಯಾವುದರ ಸರ್ವೆ ಎಂದು ಕೇಳಲು ನನಗೆ ಬುದ್ಧಿ ಓಡಲಿಲ್ಲ. ಮನೆಯಲ್ಲಿ ಎಷ್ಟು ಜನ ಎಂದದ್ದೇ ತಡ, ಬಿಲ್ಡಿಂಗ್ ಓನರ್ ಕಡೆಯವಳೇ ಎಂದು ತೀರ್ಮಾನಿಸಿಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇಬ್ಬರೇ, ನಾನು ಮತ್ತು ಗಂಡ ಎಂದೆ. ಆಮೇಲೆ ರೇಡಿಯೊ ಕೇಳುತ್ತೀರಾ ಎಂದಳು. ಹೂಂ ಎಂದರೆ ಇನ್ನೂ ಹತ್ತು ಪ್ರಶ್ನೆ ಬರುತ್ತದೆಂದು ಒಳಗಿನ ಕಳ್ಳಬುದ್ಧಿ ಹೇಳಿತು. ನಮ್ಮ ಮನೆಯಲ್ಲಿ ರೇಡಿಯೊ ಇಲ್ಲ ಎಂದು ಹೇಳಿ ಫೋನಿಟ್ಟು ಸಣ್ಣಾ ಇಳಿಸಿದೆ.

ರೇಡಿಯೊದ ಅನ್ನ ತಿನ್ನುವವಳು, ಸ್ವಂತ ಕಾರ್ಯಕ್ರಮವಿರುವವಳು, ಆ ಕಾರ್ಯಕ್ರಮದ ಹೊತ್ತಿಗೇ ರೇಡಿಯೊ ಇಲ್ಲ ಎಂದಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದು.

ಸಂಜೆ ಅಡುಗೆಮನೆಯಲ್ಲಿ ಉಡುಪಿಯವಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಸೌಟನ್ನು ಅಲ್ಲೇ ಬಿಟ್ಟಳು.

"ಅಯ್ಯೋ ಅಕ್ಕ, ನನಗೂ ಬಂದಿತ್ತು ಆ ಫೋನು! ನಾನು ಒಬ್ಬಳೇ ಇರೋದು ಅಂದೆ. ಮಕ್ಕಳು ಇಲ್ಲಿ ಬೊಬ್ಬೆ ಹೊಡೀತಾ ಇದ್ರು, ಅದು ಪಕ್ಕದ ಮನೆ ಅಂದೆ."

"ರೇಡಿಯೊ ಕೇಳಿದ್ಳಾ?"

"ಕೇಳಿದ್ಳು. ರೇಡಿಯೊ ಎಂತ ಮಾರಾಯ್ತಿ, ನಮ್ಮಲ್ಲಿ ಫ್ಯಾನೇ ಇಲ್ಲ ಅಂದೆ."

ಶನಿವಾರ ಮವಾಲೇಹ್‌ನ ತರಕಾರಿ ಮಾರುಕಟ್ಟೆಗೆ ಹೋದಾಗ ಬಸಳೆ ಸೊಪ್ಪನ್ನು ಮರೆತು ಜನರನ್ನು ಹಿಡಿದೆ. ರಜೆಯ ಬೆಳಿಗ್ಗೆ ನಮ್ಮ ಕರಾವಳಿಯವರು ಅಲ್ಲಿ ಸಿಕ್ಕೇ ಸಿಗುತ್ತಾರೆ. ನರ್ಸುಗಳು, ಡ್ರೈವರುಗಳು, ಆಫೀಸಿನವರು, ಹೋಟೆಲಿನ ಅಡುಗೆಯವರು. ನಿಮಗೊಂದು ಫೋನ್ ಬಂದಿತ್ತಾ, ಮನೆಯಲ್ಲಿ ಎಷ್ಟು ಜನ ಅಂತ ಕೇಳಿದ್ರಾ ಎಂದರೆ ಸಾಕು, ಬಂದಿದ್ದವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಎಲ್ಲರದ್ದೂ ಒಂದೇ ಉತ್ತರ. ಇಬ್ಬರೇ. ರೇಡಿಯೊ ಇಲ್ಲ. ಸರ್ವೆಯನ್ನು ನಂಬುವುದಾದರೆ ನಮ್ಮವರು ಮಸ್ಕತ್ತಿನಲ್ಲಿ ಇಬ್ಬಿಬ್ಬರಾಗಿ, ಮೌನವ್ರತದಲ್ಲಿ ಬದುಕುತ್ತಿದ್ದರು. ಅವರಲ್ಲೇ ಒಬ್ಬ ಡ್ರೈವರ್, ಹಿಂದಿನ ವಾರ ನಾನು ಹಾಕಿದ ಕೊನೆಯ ಹಾಡು ಅರ್ಧಕ್ಕೇ ನಿಂತಿತೆಂದು ನನ್ನೊಡನೆ ಅಲ್ಲೇ ಜಗಳಕ್ಕೆ ನಿಂತ. ಅಷ್ಟು ಸಂತೋಷದಿಂದ ನಾನು ಯಾರಿಂದಲೂ ಬೈಗುಳ ತಿಂದಿಲ್ಲ.

ಮನೆಗೆ ಬಂದಾಗ ಗಂಡ ಪರಿಹಾರ ಸಿದ್ಧ ಮಾಡಿ ಕೂತಿದ್ದರು. "ಮಂಡೆಬಿಸಿ ಮಾಡ್ಬೇಡ. ಎಲ್ಲ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕುವ. ಇನ್ನು ಮುಂದೆ ಫೋನ್ ಬಂದ್ರೆ, ಶುಕ್ರವಾರ ಹತ್ತು ಗಂಟೆಗೆ ಕೇಳ್ತೇವೆ ಅಂತ ಹೇಳಿ ಅಂತ."

"ಅದು ಮಾಡುವ ಹಾಗಿಲ್ಲ. ನಮ್ಮ ಕೆಲಸದ ನಿಯಮ."

"ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದಲ್ಲ! ಭಿಕ್ಷೆ ಬೇಡಿ ಬಂದ ಸಂಖ್ಯೆ ನನಗೆ ಬೇಡ. ಹೀಗೆ ಮಾಡಿದ್ರೆ ಮ್ಯಾನೇಜರ್ ಹೇಳಿದ್ದೇ ನಿಜ ಆಗ್ತದೆ, ಎಲ್ಲ ಒಳ್ಳೆಯತನಕ್ಕೆ ಹೇಳೋದು ಅಂತ."

ಅವರು ಫೋನನ್ನು ಪಕ್ಕಕ್ಕಿಟ್ಟರು. ಉಳಿದದ್ದು ಒಂದೇ ದಾರಿ. ಹೋಗಿ ನಿಜ ಹೇಳುವುದು. ನಿಜ ಹೇಳಿದರೆ ನಾನು ಸುಳ್ಳಿ ಎಂದಾಗುತ್ತದೆ, ಫ್ಲ್ಯಾಟ್ ಹಂಚಿಕೊಂಡ ವಿಷಯವೂ ಹೊರಬೀಳುತ್ತದೆ. ಹೇಳದಿದ್ದರೆ ಗಂಟೆ ಹೋಗುತ್ತದೆ. ಎರಡು ದಿನ ಯಾವುದನ್ನೂ ತೀರ್ಮಾನಿಸದೆ ಓಡಾಡಿದೆ.

ಮಂಗಳವಾರ ಸರ್ವೆ ಕಂಪನಿಯ ಮೇಲ್ವಿಚಾರಕರು ವರದಿ ವಿವರಿಸಲು ಬೌಷರ್‌ನ ನಮ್ಮ ಆಫೀಸಿಗೆ ಬಂದರು. ಪಾಕಿಸ್ತಾನದ ಹಿರಿಯರು, ಇಸ್ತ್ರಿ ಮಾಡಿದ ಅಂಗಿ, ಮಾತಿಗೆ ಮೊದಲು ಸಲಾಂ. ನನ್ನನ್ನು ಆ ಮೀಟಿಂಗಿಗೆ ಯಾರೂ ಕರೆದಿರಲಿಲ್ಲ. ಚಹಾ ತೆಗೆದುಕೊಂಡು ಹೋಗುವವನ ಹಿಂದೆಯೇ ಒಳನುಗ್ಗಿ ಕುರ್ಚಿ ಎಳೆದು ಕೂತೆ.

"ನಿಮ್ಮ ಪ್ರಶ್ನಾವಳಿಯಲ್ಲಿ ತಪ್ಪಿದೆ. ಮನೆಯಲ್ಲಿ ಎಷ್ಟು ಜನ ಎಂದು ಮೊದಲೇ ಕೇಳುತ್ತೀರಿ. ಅದನ್ನು ಕೇಳಿದ ಮೇಲೆ ನಮ್ಮ ಜನ ಯಾರೂ ನಿಜ ಹೇಳುವುದಿಲ್ಲ. ರೇಡಿಯೊ ಇದ್ದರೂ ಇಲ್ಲ ಎನ್ನುತ್ತಾರೆ."

ಮ್ಯಾನೇಜರ್ ಹುಬ್ಬೇರಿಸಿದರು. "ಸಾಕ್ಷಿ?"

"ನಾನೇ. ನನಗೂ ಕರೆ ಬಂದಿತ್ತು. ನಾನೂ ಸುಳ್ಳು ಹೇಳಿದೆ."

ಮೇಲ್ವಿಚಾರಕರು ಮೆಲ್ಲಗೆ ಕನ್ನಡಕ ತೆಗೆದರು. "ಬೆಹೆನ್ ಜೀ, ರೇಡಿಯೊದಲ್ಲಿ ಕೆಲಸ ಮಾಡುವವರನ್ನು ನಾವು ಉದ್ಯೋಗದ ಪ್ರಶ್ನೆಯಲ್ಲೇ ಬಿಟ್ಟುಬಿಡುತ್ತೇವೆ. ನೀವು ಹೇಗೆ ಒಳಗೆ ಬಂದಿರಿ?"

"ಅಂಗಡಿಯಲ್ಲಿ ಕೆಲಸ ಎಂದೆ."

ಅವರು ಇನ್ನೇನೂ ಕೇಳದೆ ನನ್ನ ನಂಬರ್ ಬರೆದುಕೊಂಡು ತಮ್ಮ ಆಫೀಸಿಗೆ ಫೋನ್ ಮಾಡಿದರು. ಎಲ್ಲ ಕರೆಗಳನ್ನೂ ಪರಿಶೀಲನೆಗಾಗಿ ರೆಕಾರ್ಡ್ ಮಾಡಿ ಇಟ್ಟಿರುತ್ತಾರಂತೆ. ಕಾಲು ಗಂಟೆಯಲ್ಲಿ ನನ್ನದು ಅವರ ಲ್ಯಾಪ್‌ಟಾಪಿಗೆ ಬಂತು. ಹಾಕಲೇ ಎಂದು ನನ್ನನ್ನೇ ಕೇಳಿದರು. ಹಾಕಿ ಎಂದೆ. ಮಾನ ಹೋಗುವುದಾದರೆ ಪೂರ್ತಿ ಹೋಗಲಿ.

ನನ್ನ ದನಿ ಬಂತು. ಮುದುರಿದ, ಕಳ್ಳ ದನಿ. ಇಬ್ಬರೇ ಇರುವುದು. ಹಿಂದೆ ಕುಕ್ಕರ್ ಕೂಗಿತು. ಉಡುಪಿಯವಳ ಮಕ್ಕಳು ಬಕೆಟ್ ಬಡಿಯುವುದು ಕೇಳಿಸಿತು. ಆಮೇಲೆ "ರೇಡಿಯೊ ಇಲ್ಲ, ನಮ್ಮ ಮನೆಯಲ್ಲಿ ರೇಡಿಯೊನೇ ಇಲ್ಲ" ಎಂದು ನಾನು ಹಿಂದಿಯಲ್ಲಿ ಆಣೆ ಹಾಕುವಂತೆ ಹೇಳುತ್ತಿದ್ದೆ. ಅದೇ ಹೊತ್ತಿಗೆ ಅದರ ಹಿಂದಿನಿಂದ, ಸ್ಟೀಲ್ ಗಿಟಾರ್ ಜಾರುತ್ತ ನಿಂತಿತು. ಹೆಂಗಸೊಬ್ಬಳು ಸ್ವಚ್ಛವಾದ, ಗಟ್ಟಿಯಾದ ಇಂಗ್ಲಿಷಿನಲ್ಲಿ ಮಸ್ಕತ್ತಿಗೆಲ್ಲ ಶುಕ್ರವಾರದ ಶುಭೋದಯ ಹೇಳಿದಳು. ಅವಳೂ ನಾನೇ.

ಮ್ಯಾನೇಜರ್ ಮೊದಲು ಬಾಯಿ ಮುಚ್ಚಿಕೊಂಡರು. ಆಮೇಲೆ ಆಗಲಿಲ್ಲ. ತಲೆಯ ಮೇಲಿನ ಕುಮ್ಮಾ ಟೋಪಿಯನ್ನು ಕೈಗೆ ತೆಗೆದುಕೊಂಡು ಮೇಜಿಗೆ ಹಣೆ ಹಚ್ಚಿ ನಕ್ಕರು. ಇನ್ನೊಮ್ಮೆ ಹಾಕಿ ಎಂದರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು, ಅದರಲ್ಲಿ ಎಷ್ಟು ಪಾಲು ನಗುವಿನದೆಂದು ಹೇಳಲಾರೆ.

ನಗದವರು ಮೇಲ್ವಿಚಾರಕರೊಬ್ಬರೇ. ಅವರಿಗೆ ತಮ್ಮ ಕೆಲಸಕ್ಕೆ ಪೆಟ್ಟು ಬಿದ್ದಿತ್ತು. "ಒಂದು ವಾರ ಸಮಯ ಕೊಡಿ" ಎಂದು ಹೇಳಿ ಎದ್ದುಹೋದರು. ಮುಂದಿನ ಮಂಗಳವಾರ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಶುಕ್ರವಾರ ಬೆಳಿಗ್ಗೆ ರೇಡಿಯೊ ಇಲ್ಲ ಎಂದವರ ಕರೆಗಳನ್ನೆಲ್ಲ ತಾವೇ ಕೂತು, ಹೆಡ್‌ಫೋನ್ ಹಾಕಿಕೊಂಡು, ಮತ್ತೆ ಕೇಳಿದ್ದರು. ಹೆಸರು, ನಂಬರು, ವಿಳಾಸ ಏನೂ ಇಲ್ಲದಂತೆ ತುಣುಕುಗಳನ್ನು ಕತ್ತರಿಸಿ ತಂದಿದ್ದರು.

ಒಂದಾದ ಮೇಲೆ ಒಂದು ಹಾಕಿದರು. ರೇಡಿಯೊ ಇಲ್ಲ, ಹಿಂದೆ ಗಿಟಾರ್. ರೇಡಿಯೊ ಕೆಟ್ಟಿದೆ, ಹಿಂದೆ ಗಿಟಾರ್. ನಮಗೆ ಕಿವಿ ಸರಿಯಾಗಿ ಕೇಳುವುದಿಲ್ಲ ಎಂದ ಒಬ್ಬರ ಹಿಂದೆ ಬಾಂಜೊ ಎಷ್ಟು ಜೋರಾಗಿತ್ತೆಂದರೆ ಪ್ರಶ್ನೆ ಕೇಳುವವಳೇ ಕಿರುಚಬೇಕಾಗಿತ್ತು. ಒಂದು ಕರೆಯಲ್ಲಿ ಫೋನ್ ಹಿಡಿದವನು ನಾನೊಬ್ಬನೇ ಎನ್ನುತ್ತಿದ್ದ. ಅವನ ಹಿಂದೆ ನಾಲ್ಕೈದು ಗಂಡಸರು ಪಲ್ಲವಿಯನ್ನು ಎತ್ತರಿಸಿ ಹಾಡುತ್ತಿದ್ದರು, ಒಬ್ಬನಂತೂ ಅದಕ್ಕೆ ಹೊಂದುವ ಎರಡನೆಯ ಸ್ವರ ಹಿಡಿದಿದ್ದ. ಹಾಗೆ ಎರಡನೆಯ ಸ್ವರ ಹಿಡಿಯುವುದನ್ನು ಚರ್ಚಿನ ಹಾಡುವ ತಂಡದಲ್ಲಿ ಕಲಿತವನೇ ಆಗಬೇಕು. ಮಲಯಾಳಿಗಳು ಇದ್ದರು, ಗೋವಾದವರು ಇದ್ದರು, ಫಿಲಿಪೀನ್ಸಿನ ಹೆಂಗಸರು ಇದ್ದರು. ನಾನು ಗೋಡೆಗೆ ಮಾತಾಡಿರಲಿಲ್ಲ. ಗೋಡೆಗಳ ಆಚೆ ಜನ ತುಂಬಿಕೊಂಡಿದ್ದರು. ನನಗೆ ಎದ್ದು ಕುಣಿಯಬೇಕೆನಿಸಿತು. ಮೀಟಿಂಗ್ ಕೋಣೆಯಾದ್ದರಿಂದ ಕುರ್ಚಿಯ ಕೈ ಹಿಡಿದು ಕೂತೆ.

ಈ ಬಾರಿ ಮ್ಯಾನೇಜರ್ ನಗಲಿಲ್ಲ. ಕೊನೆಯ ತುಣುಕು ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ನಾನು ತಪ್ಪು ಹೇಳಿದೆ" ಎಂದರು. "ಡಾನ್ಸ್ ಹಾಡು ಖಲಾಸ್. ಮುಂದಿನ ಸರ್ವೆವರೆಗೆ ಗಂಟೆ ನಿನ್ನದು."

ಮೇಲ್ವಿಚಾರಕರು ಪ್ರಶ್ನಾವಳಿಯನ್ನು ತಿರುವುಮುರುವು ಮಾಡಿದರು. ಮೊದಲು ರೇಡಿಯೊ. ಮನೆಯ ಜನರ ಪ್ರಶ್ನೆ ಕಟ್ಟಕಡೆಗೆ, ಅದೂ ಬೇಕಿದ್ದರೆ ಹೇಳಿ, ಬೇಡದಿದ್ದರೆ ಬಿಡಿ ಎಂದು. ನಾವು ಬಿಲ್ಡಿಂಗಿನವರಲ್ಲ, ಮುನ್ಸಿಪಾಲಿಟಿಯವರಲ್ಲ ಎಂದು ಆರಂಭದಲ್ಲೇ ಹೇಳುವ ಒಂದು ಸಾಲನ್ನೂ ಸೇರಿಸಿದರು. ಆ ಸಾಲನ್ನು ಹಿಂದಿಯಲ್ಲಿ ಹೇಗೆ ಹೇಳಿದರೆ ನಮ್ಮವರು ನಂಬುತ್ತಾರೆಂದು ನನ್ನನ್ನೇ ಕೇಳಿದರು. ಆ ಹೊಸ ಸರ್ವೆ ನಡೆದ ವಾರಗಳಲ್ಲಿ ನಾನು ಮಾರುಕಟ್ಟೆಗೂ ಹೋಗಲಿಲ್ಲ, ಚರ್ಚಿನ ಹೊರಗೂ ನಿಲ್ಲಲಿಲ್ಲ. ಎಲ್ಲಿ ಬಾಯಿ ತಪ್ಪಿ ಒಂದು ಮಾತು ಆಡಿಬಿಡುತ್ತೇನೋ ಎಂಬ ಭಯ. ಗಂಡ ಬಸಳೆ ತಂದರು, ಅದೂ ಬಾಡಿದ್ದನ್ನು.

ವರದಿ ಬಂದ ದಿನ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆಯಲಿಲ್ಲ, ಅವರೇ ನನ್ನ ಮೇಜಿಗೆ ಬಂದರು. ಗೆರೆಯಿದ್ದ ಜಾಗದಲ್ಲಿ ಸಂಖ್ಯೆ ಇತ್ತು. ಅದು ಎಷ್ಟೆಂದು ಇಲ್ಲಿ ಬರೆಯುವ ಹಾಗಿಲ್ಲ, ಅದು ಆಫೀಸಿನ ಗುಟ್ಟು. ಶುಕ್ರವಾರದ ಬೆಳಗಿನಲ್ಲಿ ನಮ್ಮ ಸ್ಟೇಷನ್ನಿನ ಬೇರೆ ಯಾವ ಗಂಟೆಯದೂ ಅದರ ಹತ್ತಿರ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ. ಸ್ಟೇಷನ್ನಿನ ಹುಡುಗರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅಜ್ಜಂದಿರ ಸಂಗೀತ ಹೇಗಿದೆ ಎಂದು ಕೇಳದೆ ಇರಲು ನನಗೆ ಸಾಧ್ಯವಾಗಲಿಲ್ಲ, ಕೇಳಿದೆ. ಗೆದ್ದಾಗ ಸಣ್ಣತನ ತೋರಿಸಬಾರದು ಎನ್ನುತ್ತಾರೆ, ನಾನು ಸ್ವಲ್ಪ ತೋರಿಸಿದೆ.

"ಇನ್ನು ಒಂದು ಗಂಟೆ ಅಲ್ಲ, ಎರಡು" ಎಂದರು ಮ್ಯಾನೇಜರ್. "ರೆಕಾರ್ಡ್ ಮಾಡಿಡುವುದೂ ಬೇಡ. ನೇರಪ್ರಸಾರ. ಕೇಳುಗರು ಫೋನ್ ಮಾಡಲಿ. ಯಲ್ಲಾ, ಶುಕ್ರವಾರ ಬಾ."

ಮೊದಲ ನೇರಪ್ರಸಾರದ ಬೆಳಿಗ್ಗೆ ಒಂದು ಗಂಟೆ ಮುಂಚೆಯೇ ಹೋದೆ. ರಜೆಯ ದಿನವಾದರೂ ಮ್ಯಾನೇಜರ್ ಬಂದು ಗಾಜಿನ ಆಚೆ ನಿಂತಿದ್ದರು. ಮೊದಲ ಹಾಡು ಹಾಕಿ, ಫೋನ್ ನಂಬರನ್ನು ಎರಡು ಸಲ ಹೇಳಿ, ಕರೆ ಬಂದರೆ ಹತ್ತುವ ದೀಪಗಳನ್ನು ನೋಡುತ್ತ ಕೂತೆ. ಹಾಡಿನ ಅರ್ಧದವರೆಗೆ ಒಂದೂ ಹತ್ತಲಿಲ್ಲ. ಇವರು ಮತ್ತೆ ಹೆದರಿದರು, ಕೇಳುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ ಎಂದುಕೊಂಡೆ. ಆಮೇಲೆ ಒಂದು ದೀಪ ಹತ್ತಿತು, ಅದರ ಹಿಂದೆಯೇ ಉಳಿದೆಲ್ಲವೂ ಹತ್ತಿದವು.

ಮೊದಲನೆಯದನ್ನು ಎತ್ತಿದೆ. ವಯಸ್ಸಾದ ಗಂಡಸಿನ ದನಿ. ಆಫೀಸಿಗೆ ಅರ್ಜಿ ಬರೆಯುವವರ ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಹೇಳಿ, ಒಂದು ಹಾಡು ಕೇಳಿದರು. ಖಂಡಿತ ಹಾಕುತ್ತೇನೆ ಎಂದು ಹೇಳಿ, ರೇಡಿಯೊದಲ್ಲಿ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಯೋಚಿಸದೆ ಕೇಳಿಬಿಟ್ಟೆ: ನಿಮ್ಮ ಜೊತೆ ಯಾರ್ಯಾರು ಕೇಳುತ್ತಿದ್ದಾರೆ?

ಅತ್ತ ಕಡೆ ಸದ್ದಿಲ್ಲ. ನಾಲಗೆ ಕಚ್ಚಿಕೊಂಡೆ. ನೇರಪ್ರಸಾರದಲ್ಲಿ ಮೌನ ಎಂದರೆ ನಮಗೆ ಪ್ರಾಣಸಂಕಟ. ಆ ಮೌನದಲ್ಲಿ ತಟ್ಟೆಗಳ ಸದ್ದು, ಕೆಲವರ ಪಿಸುಮಾತು ಕೇಳಿಸಿತು. ಮತ್ತೆ ಅವರು ಮಾತಾಡಿದಾಗ ಇಂಗ್ಲಿಷನ್ನು ಬಿಟ್ಟು ಊರಿನ ಕನ್ನಡಕ್ಕೆ ಇಳಿದಿದ್ದರು, ನಮ್ಮಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆಯೇ ಕರೆದರು.

"ಬಾಯಮ್ಮ, ನೀವು ಊರಿನವರು ಅಂತ ಗೊತ್ತುಂಟು. ನಿಜ ಹೇಳ್ಬಹುದಾ?"

ಸ್ಟೇಷನ್ ಇಂಗ್ಲಿಷಿನದು. ಗಾಜಿನ ಆಚೆ ಮ್ಯಾನೇಜರ್ ಕಣ್ಣರಳಿಸಿದರು. ನಾನು ಮೈಕಿಗೆ ಇನ್ನೂ ಹತ್ತಿರ ಬಗ್ಗಿದೆ.

"ಹೇಳಿ. ಏರಿಯಾ ಮಾತ್ರ ಹೇಳ್ಬೇಡಿ."

"ಒಂಬತ್ತು ಜನ ಇದ್ದೇವೆ ಮಾರಾಯ್ರೆ. ಎರಡೇ ರೂಮು. ಒಂಬತ್ತು ಜನವೂ ನಿಮ್ಮದೇ ಕೇಳೋದು. ಬರ್ಕೊಳ್ಳಿ!"

ಹಿಂದಿನಿಂದ ದೊಡ್ಡ ನಗು, ಯಾರೋ ಶಿಳ್ಳೆ ಹೊಡೆದರು. ಹಾಡುಗಳ ಪಟ್ಟಿಯ ಅಂಚಿನಲ್ಲಿ ನಾನು ದೊಡ್ಡದಾಗಿ ಒಂಬತ್ತು ಎಂದು ಬರೆದೆ.

"ಬರ್ಕೊಂಡೆ. ಒಂಬತ್ತು."

"ಅಲ್ಲ, ಅಲ್ಲ, ನಿಲ್ಲಿ ಬಾಯಮ್ಮ" ಎಂದರು ಅವರು ಗಾಬರಿಯಿಂದ. "ಹತ್ತು. ಒಬ್ಬ ಸ್ನಾನಕ್ಕೆ ಹೋಗಿದ್ದಾನೆ. ಅವನಿಗೂ ಕೇಳ್ತದೆ, ಬಾಗಿಲು ಅರ್ಧ ತೆರೆದಿಟ್ಟಿದ್ದಾನೆ."

ನಾನು ಒಂಬತ್ತನ್ನು ಹೊಡೆದು ಹತ್ತು ಎಂದು ತಿದ್ದಿದೆ.